ಅಳತೆ ಹೇಳದ ಕೊಪ್ಪರಿಗೆ

ಶಿಲೋ
ಐದನೆಯ ತಿಂಗಳು, ನಾಲ್ಕನೆಯ ದಿನ

ತಮ್ಮ ಶಿಮ್ರಿಗೆ ಅಕ್ಕ ಹೇಲಾ ಬರೆಯುವುದು.

ನಮಗೆ ಕೊಟ್ಟ ಮಾತುಗಳು ಇವು. ಕನ್ನಡಿ ಕೊಟ್ಟ ಹೆಂಗಸರು ದೇವದರ್ಶನದ ಗುಡಾರದ ಬಾಗಿಲಲ್ಲಿ ಸೇವೆಗೆ ನಿಲ್ಲುವರು. ಅವರ ನಂತರ ಅವರ ಹೆಣ್ಣುಮಕ್ಕಳು ನಿಲ್ಲುವರು. ಯಾಜಕರು ಕೈಕಾಲು ತೊಳೆಯುವ ಕಂಚಿನ ಕೊಪ್ಪರಿಗೆಯನ್ನು ತುಂಬುವುದೂ ಉಜ್ಜುವುದೂ ಅವರ ಕೆಲಸ. ಬಲಿಯ ಮಾಂಸದಲ್ಲಿ ಅವರಿಗೂ ಒಂದು ಪಾಲು.

ತಪ್ಪಿಸಿದ್ದು ಇಷ್ಟು. ಮಾಂಸದ ಪಾಲು ಅವ್ವನ ಕಾಲದಲ್ಲೇ ನಿಂತಿತು. ಬಿಸಿಲಿಗೆಂದು ಹಾಕಿಕೊಂಡಿದ್ದ ಚಪ್ಪರವನ್ನು ಹೋದ ವರ್ಷ ಕಿತ್ತರು. ನಿನ್ನೆ ಬಾಗಿಲೇ ಹೋಯಿತು.

ಯಾಜಕ ಮಲ್ಕೀಯ ಬಲಿಪೀಠದ ಪಕ್ಕ ನಿಂತು ಹೇಳಿದ: "ಏಳನೇ ತಿಂಗಳ ಕಹಳೆ ಊದೋ ದಿನದಿಂದ ಹೆಂಗಸರ ಸರದಿ ಇರೋದಿಲ್ಲ. ನೀರು ಹೊರೋ ಗಿಬ್ಯೋನಿನವರೇ ಒಳಗೆ ಬಂದು ತುಂಬ್ತಾರೆ. ನೀವು ಅಂಗಳದ ತೆರೆಯಿಂದ ಆಚೆ ನಿಂತು ಪ್ರಾರ್ಥನೆ ಮಾಡ್ಕೊಳ್ಳಿ."

ಮುದುಕಿ ಶೇರಾ ಕೈಯಲ್ಲಿದ್ದ ಬೂದಿಬಟ್ಟೆ ಹಾಗೇ ಹಿಡಿದುಕೊಂಡು ಕೇಳಿದಳು: "ಯಾಕಪ್ಪಾ, ನಾವೇನ್ ಮಾಡಿದ್ವಿ?"

"ಏನೂ ಮಾಡಿಲ್ಲ ಅಜ್ಜೀ. ಪಾವಿತ್ರ್ಯಕ್ಕೆ ಒಂದು ಕ್ರಮ ಇದೆ. ಪರದೆಯ ಒಳಗೆ ಚಿನ್ನ. ಹಲಗೆಗಳ ಕೆಳಗೆ ಬೆಳ್ಳಿ. ಅಂಗಳದಲ್ಲಿ ಕಂಚು. ಎಲ್ಲದಕ್ಕೂ ಒಂದು ಜಾಗ."

"ಹಂಗಾದ್ರೆ ನಾವು ಕಂಚಿನ ಹತ್ರ ತಾನೆ ಇರೋದು?"

"ನೀವು ಹೆಂಗಸರು, ಅಜ್ಜೀ."

ಇಪ್ಪತ್ತೇಳು ವರ್ಷ ಅಲ್ಲಿ ನಿಂತ ನನಗೆ ಅವನು ಗುಡಾರ ಎಂದರೇನು ಎಂದು ಕಲಿಸುತ್ತಾನೆ! ಆ ಚಿನ್ನದ ಮೇಲೆ ಮಳೆ ಬೀಳದಂತೆ ಹೊದಿಸಿದ ಮೇಕೆಕೂದಲಿನ ಕಂಬಳಿಯನ್ನು ನೂತವರು ಯಾರು? ಹಲಗೆಗಳು ನಿಂತಿರುವ ಬೆಳ್ಳಿಯ ಗದ್ದಿಗೆಗಳು ಎಣಿಕೆಗೆ ಸಿಕ್ಕ ಗಂಡಸರು ತಲೆಗೆ ಅರ್ಧ ಶೆಕೆಲಿನಂತೆ ತೂಗಿ ಕೊಟ್ಟ ಬೆಳ್ಳಿಯಿಂದ ಆದವು. ನಮ್ಮನ್ನು ಯಾರೂ ಎಣಿಸಲಿಲ್ಲ. ಎಣಿಸದವರು ತಂದು ಕೊಟ್ಟದ್ದು ಕನ್ನಡಿ. ಐಗುಪ್ತದಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಕಂಚಿನ ಕನ್ನಡಿ, ಇದ್ದ ಒಂದೇ ಸೊಗಸು. ಅವನ್ನು ಕರಗಿಸಿಯೇ ಕೊಪ್ಪರಿಗೆಯನ್ನೂ ಅದರ ಪೀಠವನ್ನೂ ಎರೆದದ್ದು. ಆ ಪೀಠದ ಬಲಗಡೆ ಪೂರ್ತಿ ಕರಗದೆ ಉಳಿದ ತಾವರೆಯ ಅಂಚು ನಮ್ಮ ಮುತ್ತಜ್ಜಿಯದು. ಅವ್ವ ನಿನ್ನನ್ನು ಎತ್ತಿ ತೋರಿಸಿದ್ದು ನೆನಪಿದೆಯೇ? ನೀನು ಅದಕ್ಕೆ ನಾಲಿಗೆ ಚಾಚಿದ್ದೆ.

ಕೈಕಾಲು ತೊಳೆಯದೆ ಬಲಿಪೀಠದ ಹತ್ತಿರ ಹೋದ ಯಾಜಕ ಸಾಯುವನು, ಇದು ಕಟ್ಟಳೆ. ಅವರ ಜೀವ ದಿನಾ ನಮ್ಮ ಕೊಡದಲ್ಲಿ ಇರುತ್ತದೆ. ಅದಕ್ಕೇ ನಮ್ಮನ್ನು ಕಂಡರೆ ಆಗುವುದಿಲ್ಲ.

ಕಹಳೆಯ ದಿನ ಕುಲಕುಲದ ಹಿರಿಯರೆಲ್ಲ ಸೇರುತ್ತಾರೆ. ನೀನು ಲೇವಿಯ, ಗುಡಾರದ ಸೇವೆಯ ಕುಲದವನು, ಗಂಡಸು. ನಿನ್ನ ಮಾತು ಅವರ ಕಿವಿಗೆ ಬೀಳುತ್ತದೆ. ಬಾ.

ಉಪ್ಪು ಮಾರುವ ಹೊಸಾನ ಕತ್ತೆಯ ಮೇಲೆ ಇದು ಬರುತ್ತದೆ. ಒಂಬತ್ತು ಮಡಕೆಚೂರುಗಳ ಮೇಲೆ ಬರೆದಿದ್ದೇನೆ. ಎಣಿಸಿಕೊ.

ನಿನ್ನ ಅಕ್ಕ

---

ಸುಕ್ಕೋತ್
ಐದನೆಯ ತಿಂಗಳು, ಹನ್ನೆರಡನೆಯ ದಿನ

ಅಕ್ಕಾ,

ಚೂರುಗಳು ಬಂದವು. ಎಂಟೇ ಇದ್ದವು. ಒಂದು ಕತ್ತೆಯ ಕಾಲಿಗೆ ಹೋಯಿತೆಂದು ಹೊಸಾ ಹೇಳಿದ.

ನಿನ್ನ ಸಿಟ್ಟು ನನಗೆ ಗೊತ್ತು. ಆದರೆ ಕೊಟ್ಟ ಮಾತು ತಪ್ಪಿದ್ದು ನಿಮಗಷ್ಟೇ ಅಲ್ಲ. ಲೇವಿಯರಲ್ಲಿ ಮೆರಾರೀ ಮನೆತನದವರಾದ ನಮಗೆ ಏನು ಹೇಳಿದ್ದರು? ಗುಡಾರ ನಡೆಯುವವರೆಗೆ ಹಲಗೆ, ಗದ್ದಿಗೆ, ಗೂಟ, ಹಗ್ಗ ಹೊರಿರಿ. ಗುಡಾರ ನಿಂತ ಮೇಲೆ ಬಾಗಿಲು ಕಾಯುವಿರಿ ಎಂದರು. ಅಪ್ಪನ ಅಪ್ಪನ ಹೆಸರಿಗೆ ಹದಿನೇಳನೆಯ ಗೂಟ ಬರೆದಿತ್ತು. ಗುಡಾರ ಶಿಲೋವಿನಲ್ಲಿ ನಿಂತು ಎಷ್ಟು ತಲೆಮಾರಾಯಿತು? ಗೂಟ ನೆಲದಲ್ಲಿದೆ, ನಾವು ಯೊರ್ದನಿನ ಆಚೆ ಮಣ್ಣು ತುಳಿಯುತ್ತ ಕಂಚು ಎರೆಯುತ್ತಿದ್ದೇವೆ. ಒಬ್ಬನಾದರೂ ಬಾಗಿಲು ಕಂಡನೇ?

ಆದರೆ ಅಕ್ಕಾ, ನಮ್ಮ ಮನೆಗೂ ಒಳ್ಳೆಯ ಕಾಲ ಬರುತ್ತಿದೆ. ಒಂದು ಸುದ್ದಿಯಿದೆ. ಈಗ ಹೇಳುವಂತಿಲ್ಲ, ಬಾಯಿ ಕಟ್ಟಿದ್ದಾರೆ. ಏಳನೆಯ ತಿಂಗಳಿಗೆ ನೀನೇ ನೋಡುತ್ತೀಯ. ಕೇಳಿದ ದಿನದಿಂದ ನನ್ನಾಕೆ ನಾರಾ ಗುನುಗುತ್ತ ರೊಟ್ಟಿ ತಟ್ಟುತ್ತಿದ್ದಾಳೆ.

ಅಲ್ಲಿಯವರೆಗೆ ಸುಮ್ಮನಿರು. ಮಲ್ಕೀಯನ ಎದುರು ಬಾಯಿ ಮಾಡಬೇಡ. ಅವನು ಕೆಟ್ಟವನಲ್ಲ. ದೊಡ್ಡ ಕೆಲಸ ನಡೆಸುವವನಿಗೆ ಹತ್ತು ಕಡೆ ನೋಡಬೇಕಾಗುತ್ತದೆ.

ಕೊಪ್ಪರಿಗೆಯ ಪೀಠ ಬಿರುಕು ಬಿಟ್ಟಿದೆಯಂತೆ. ನೀರು ಬಹಳ ಸೋರುತ್ತದೆಯೇ?

ತಮ್ಮ ಶಿಮ್ರಿ

---

ಶಿಲೋ
ಆರನೆಯ ತಿಂಗಳು, ಎರಡನೆಯ ದಿನ

ಶಿಮ್ರೀ,

ನಾರಾ ಬಸುರಿ ಎಂದು ನೇರವಾಗಿ ಹೇಳಲು ನಿನಗೇನು ದಾಡಿ? ಮೂರು ಸಲ ಕಳೆದುಕೊಂಡವಳು, ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾದೀತೆಂಬ ಭಯ. ನನಗೆ ಅರ್ಥವಾಯಿತು. ಈ ಚೂರುಗಳ ಜೊತೆ ಒಣ ಅಂಜೂರ ಕಳಿಸಿದ್ದೇನೆ. ಅವಳಿಗೆ ಮಾತ್ರ, ನಿನಗಲ್ಲ. ಭಾರ ಎತ್ತಿಸಬೇಡ.

ಬಿರುಕು ಎಂದು ಯಾರು ಹೇಳಿದರು? ಪೀಠ ಬಂಡೆಯ ಹಾಗಿದೆ. ಉಪ್ಪಿನ ಹೊಸಾನ ಬಾಯಿಗೆ ಬೀಗವಿಲ್ಲ.

ಇಲ್ಲಿ ಸುಮ್ಮನಿರುವ ಹಾಗಿಲ್ಲ. ಹೋದ ವಾರ ಮಟಮಟ ಮಧ್ಯಾಹ್ನ ಮಲ್ಕೀಯನ ಇಬ್ಬರು ಆಳುಗಳು ಹಗ್ಗ ತಂದು ಕೊಪ್ಪರಿಗೆಯನ್ನು ಅಳೆದರು. ಬಾಯಿಯ ಸುತ್ತ ಒಂದು ಸಲ, ಹೊಟ್ಟೆಯ ಸುತ್ತ ಒಂದು ಸಲ, ಮೇಲಿಂದ ಕೆಳಗೆ ಒಂದು ಸಲ. ಶೇರಜ್ಜಿ ಅಡ್ಡ ಹೋದಳು. "ಯಾವನಪ್ಪಾ ನೀನು, ಹೆಣಕ್ಕೆ ಬಟ್ಟೆ ಅಳೆದಂಗೆ ಅಳೀತಿದೀಯಾ?" ಎಂದಳು. ಒಬ್ಬ ತಳ್ಳಿದ. ಎಂಬತ್ತು ವರ್ಷದವಳನ್ನು. ಮಣಿಕಟ್ಟು ಮುರಿಯಿತು. ಯಾವ ಯಾಜಕನೂ ತಿರುಗಿ ನೋಡಲಿಲ್ಲ. ಹಕ್ಕಿಯ ಕಾಲು ಮುರಿದಿದ್ದರೆ ಬಲಿಗೆ ಆಗುವುದಿಲ್ಲವೆಂದು ಹತ್ತು ಜನ ನೋಡುತ್ತಿದ್ದರು.

ನಾನು ಒರತೆಗೆ ಹೋದೆ, ನಮ್ಮ ಜೊತೆ ನಿಲ್ಲುತ್ತಾರೆಯೇ ಎಂದು ಗಿಬ್ಯೋನಿನವರನ್ನು ಕೇಳಲು. ಗುಡಾರಕ್ಕೆ ನೀರು ಹೊರಲೆಂದೇ ಹುಟ್ಟುವ ಜನ. ಅವರ ಹಿರಿಯ ದಿನಾ ನನಗೆ ಕೊಡ ಕೊಡುವವನು. ಕೊಡುತ್ತಾನೆ ಎಂದರೆ ಬಾಗಿಲ ಹೊರಗೆ ನೆಲಕ್ಕಿಟ್ಟು ಮೂರು ಹೆಜ್ಜೆ ಹಿಂದೆ ಸರಿಯುತ್ತಾನೆ, ಆಮೇಲೆ ನಾನು ಎತ್ತಿಕೊಳ್ಳುತ್ತೇನೆ. ಹಾಗೇ ನಡೆದುಬಂದಿದೆ. "ನಿನ್ನ ಹೆಸರೇನಪ್ಪಾ?" ಎಂದು ಕೇಳಿದೆ.

ಅವನು ಕೊಡ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಇಪ್ಪತ್ತೇಳು ವರ್ಷದಲ್ಲಿ ಇವತ್ತು ಕೇಳ್ದೆ ನೋಡಮ್ಮಾ. ಬಾಗಿಲು ಹೋದಾಗ ನಮ್ಮ ಹೆಸರು ಬೇಕಾಯ್ತು. ಅನಾ ಅಂತ."

ನನ್ನ ಮುಖಕ್ಕೆ ಉಗಿದ ಹಾಗಾಯಿತು. ಉಗಿಯಬೇಕಾದದ್ದೇ.

ಅವನೇ ಮುಂದುವರಿದ: "ನಮ್ಮನ್ನ ಒಳಗೆ ಬಿಡ್ತಾರಂತೆ. ನಮ್ಮ ತಾತನೂ ಮುಟ್ಟದ ಕೊಪ್ಪರಿಗೆ ಹತ್ರ ನಮ್ಮ ಹುಡುಗ್ರು ಹೋಗಬಹುದಂತೆ. ಕುಣೀಬೇಕೋ ಅಳಬೇಕೋ ಗೊತ್ತಾಗ್ತಿಲ್ಲ. ನಿಮ್ಮನ್ನ ಹೊರಗೆ ನೂಕೋಕೆ ನಮ್ಮ ಕೈ ಬೇಕಾಗಿದೆ, ಅಷ್ಟೆ. ನಾಳೆ ನಮ್ಮನ್ನ ನೂಕೋಕೆ ಇನ್ಯಾರದೋ ಕೈ ಸಿಗುತ್ತೆ."

ಏನೂ ತೀರ್ಮಾನವಾಗಲಿಲ್ಲ. ಆದರೆ ಏಳುವಾಗ ಅವನು ಕೊಡವನ್ನು ನೆಲಕ್ಕಿಡದೆ ನನ್ನ ಕೈಗೇ ಚಾಚಿದ. ನಾನು ಒಂದು ಕ್ಷಣ ತಡೆದೆ. ಅವನು ನೋಡಿದ. ಆಮೇಲೆ ತೆಗೆದುಕೊಂಡೆ.

ಬರುತ್ತೀಯೋ ಇಲ್ಲವೋ, ಅದೊಂದು ಮಾತು ಬರೆ.

ಹೇಲಾ

---

ಸುಕ್ಕೋತ್
ಆರನೆಯ ತಿಂಗಳು, ಎಂಟನೆಯ ದಿನ

ಅಕ್ಕಾ,

ಅಳೆದ ಹಗ್ಗ ಯಾವ ಬಣ್ಣದ್ದು? ಎಷ್ಟು ಗಂಟು ಇದ್ದವು?

ಶೇರಜ್ಜಿಯ ಕೈಗೆ ಎಣ್ಣೆ ಹಚ್ಚಿ ಕಟ್ಟು ಕಟ್ಟಿಸು. ಹಬ್ಬದವರೆಗೆ ಏನೂ ಮಾಡಬೇಡ. ಬಾಗಿಲ ಹತ್ತಿರ ಕೂರಬೇಡ. ದಯವಿಟ್ಟು.

ಶಿಮ್ರಿ

---

ಶಿಲೋ
ಆರನೆಯ ತಿಂಗಳು, ಹದಿನೈದನೆಯ ದಿನ

ನೀಲಿ. ಏಳು ಗಂಟು. ತುದಿಯಲ್ಲಿ ಜೇಡಿಮಣ್ಣಿನ ಮುದ್ರೆ.

ಈಗ ನೀನು ಹೇಳು. ಯಾಕೆ ಕೇಳಿದೆ?

ನಿನ್ನೆ ಮಲ್ಕೀಯ ಎಲ್ಲರ ಎದುರು ಸಾರಿದ: "ಕೊಪ್ಪರಿಗೆಯ ಪೀಠ ಬಿರುಕು ಬಿಟ್ಟಿದೆ. ದುರಸ್ತಿಗೆ ತೆಗೀತೀವಿ, ದುರಸ್ತಿ ಮಾಡಿ ಮತ್ತೆ ಇಡ್ತೀವಿ." ನಾವು ಇಪ್ಪತ್ತೆರಡು ಜನ ಪೀಠದ ಅಂಗುಲ ಅಂಗುಲವನ್ನೂ ಬೆರಳಿಟ್ಟು ತಡವಿದೆವು. ಕೂದಲೆಳೆಯಷ್ಟು ಬಿರುಕಿಲ್ಲ. ಆಗ ನನಗೆ ನಿನ್ನ ಹಳೆಯ ಚೂರು ನೆನಪಾಯಿತು. ಮನೆಗೆ ಓಡಿ ಬಂದು ಬುಟ್ಟಿ ಸುರಿದು ಹುಡುಕಿದೆ. ಐದನೆಯ ತಿಂಗಳ ಹನ್ನೆರಡನೆಯ ದಿನ. ಶಿಲೋವಿನಲ್ಲಿ ಯಾರೂ ಬಿರುಕಿನ ಮಾತು ಆಡದಿದ್ದಾಗ ಸುಕ್ಕೋತಿನ ಕಂಚುಗಾರನಿಗೆ ಅದು ಗೊತ್ತಿತ್ತು.

ಹೊಸಾ ಹೇಳಿದನೇ ಎಂದು ಅವನನ್ನು ಕತ್ತೆಯ ಮುಂದೆಯೇ ನಿಲ್ಲಿಸಿ ಕೇಳಿದೆ. "ಅಮ್ಮಾ, ನಾನು ಉಪ್ಪು ಮಾರೋನು, ಬಿರುಕು ಮಾರೋನಲ್ಲ" ಎಂದ.

ನಾರಾ ಬಸುರಿಯಲ್ಲ ಅಲ್ಲವೇ? ಅಂಜೂರ ನೀನೇ ತಿಂದಿರಬೇಕು.

ಶಿಮ್ರೀ, ಅಪ್ಪ ಸೇವೆಯ ಪಟ್ಟಿ ಬರೆಯುವಾಗ ನಮ್ಮಿಬ್ಬರಿಗೂ ಅಕ್ಷರ ಕಲಿಸಿದ್ದು ಒಬ್ಬರಿಗೊಬ್ಬರು ಸುಳ್ಳು ಬರೆಯಲಿ ಎಂದಲ್ಲ. ನಿನ್ನ ಕುಲುಮೆಯಲ್ಲಿ ಈಗ ಏನಿದೆ?

---

ಸುಕ್ಕೋತ್
ಆರನೆಯ ತಿಂಗಳು, ಇಪ್ಪತ್ತನೆಯ ದಿನ

ಅಕ್ಕಾ,

ಕೊಪ್ಪರಿಗೆ ಇದೆ.

ನಾಲ್ಕನೆಯ ತಿಂಗಳ ಕೊನೆಗೆ ಮಲ್ಕೀಯನ ಆಳು ಬಂದ. ಹಳೆಯ ಪೀಠ ಬಿರುಕು ಬಿಟ್ಟಿದೆ, ಹೊಸ ಕೊಪ್ಪರಿಗೆಯನ್ನೂ ಹೊಸ ಪೀಠವನ್ನೂ ಎರೆದುಕೊಡು, ಅಳತೆಯ ಹಗ್ಗ ಆಮೇಲೆ ಕಳಿಸುತ್ತೇವೆ ಎಂದ. ಸೀದೋನಿನಿಂದ ತಂದ ಕಂಚು ಕೊಟ್ಟ. ಕೆಲಸ ಮುಗಿಯುವವರೆಗೆ ಯಾರಿಗೂ ಹೇಳಕೂಡದು. ಪ್ರತಿಯಾಗಿ ಪೂರ್ವದ ಬಾಗಿಲಲ್ಲಿ ಒಂದು ಜಾಗ ಖಾಲಿಯಾಗುತ್ತದೆ, ನನಗೆ, ನನ್ನ ನಂತರ ನನ್ನವರಿಗೆ. ಅಜ್ಜನ ಕಾಲದಿಂದ ಕಾದ ಬಾಗಿಲು. ಆ ಜಾಗ ಯಾಕೆ ಖಾಲಿಯಾಗುತ್ತದೆ ಎಂದು ನಾನು ಕೇಳಲಿಲ್ಲ.

ನಿನ್ನ ಮೊದಲ ಪತ್ರ ಬಂದಾಗಲೇ ಗೊತ್ತಾಗಬೇಕಿತ್ತು. ಗೊತ್ತಾಯಿತು ಕೂಡ, ಅದನ್ನೇಕೆ ಮುಚ್ಚಲಿ? ಬೇರೆ ಬಾಗಿಲಿರಬಹುದು, ನಿನ್ನನ್ನು ಎಲ್ಲಾದರೂ ಹೊಂದಿಸುತ್ತಾರೆ, ನಾನು ಒಳಗಿದ್ದರೆ ನಿನಗೂ ಒಳ್ಳೆಯದು ಎಂದೆಲ್ಲ ಮನಸ್ಸಿಗೆ ಹೇಳಿಕೊಂಡೆ. ಆಮೇಲೆ ಹಗ್ಗ ಬಂತು. ನೀಲಿ, ಏಳು ಗಂಟು. ಅಳತೆ ಕೈಗೆ ಬಂದ ಕಂಚುಗಾರ ಪ್ರಶ್ನೆ ಕೇಳುವುದಿಲ್ಲ ಅಕ್ಕಾ. ಜೇಡಿಮಣ್ಣು ಕಲಸಿದೆ, ಅಚ್ಚು ಮಾಡಿದೆ, ಎರೆದೆ. ನನ್ನ ಕೈಯಿಂದ ಇಷ್ಟು ಚೆನ್ನಾದ ಕೆಲಸ ಬಂದಿರಲಿಲ್ಲ. ಅದೇ ನಾಚಿಕೆ.

ನಿನ್ನೆ ಇನ್ನೊಂದು ಆಜ್ಞೆ ಬಂತು. ಹಳೆಯ ಪೀಠವನ್ನು ಇಲ್ಲಿಗೆ ಕಳಿಸುತ್ತಾರಂತೆ. ಕರಗಿಸಿ ಅಂಗಳದ ಗೂಟಗಳನ್ನು ಮಾಡಬೇಕಂತೆ. ದುರಸ್ತಿಯಲ್ಲ. ತಾವರೆಯ ಅಂಚು ಗೂಟವಾಗಿ ಮಣ್ಣಿಗೆ ಹೋಗುತ್ತದೆ. ಅದನ್ನು ಬಡಿಯುವ ಸುತ್ತಿಗೆ ನನ್ನದು. ಇನ್ನೂ ಇದೆ. ಕಹಳೆಯ ದಿನ ಮೊದಲ ಕಹಳೆಗೆ ನನ್ನ ಕೈಗೆ ಈಟಿ ಕೊಡುತ್ತಾರಂತೆ. ಬಾಗಿಲಿಗೆ ಅಡ್ಡ ಬಂದ ಅನ್ಯರನ್ನು ತಡೆಯಬೇಕು, ತಡೆದರೂ ಸರಿಯದಿದ್ದರೆ ಸಾವೇ ಕಟ್ಟಳೆ, ಗೊತ್ತಲ್ಲ, ಎಂದ ಆಳು. ಅಡ್ಡ ಬರುವವರು ಯಾರು ಎಂದು ಅವನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ನಾರಾ ಎಲ್ಲ ಕೇಳಿಸಿಕೊಂಡಳು. ಹಿಟ್ಟಿನ ಕೈಯಲ್ಲೇ ಬಂದು ನಿಂತಳು. "ಅಕ್ಕ ನಿಂತಿದ್ದ ಜಾಗದಲ್ಲಿ ನಿಂತು ಯಾರಿಂದ ಯಾರನ್ನ ಕಾಯ್ತೀಯಪ್ಪಾ? ಈಟಿ ಹಿಡ್ಕೊಂಡು ಮನೆಗೆ ಬಂದ್ರೆ ರೊಟ್ಟಿ ನೀನೇ ಸುಟ್ಕೋ" ಎಂದಳು. ಅಂಜೂರ ಅವಳೇ ತಿಂದಳು, ನಿನ್ನಾಣೆ. ಬಸುರಿ ಅಲ್ಲ.

ಒಂದು ಮಾತು. ಅಪ್ಪ ಗುಡಾರದ ಅಳತೆಗಳನ್ನು ಒಪ್ಪಿಸುತ್ತಿದ್ದದ್ದು ನೆನಪು ಮಾಡಿಕೊ. ಪೆಟ್ಟಿಗೆ ಎರಡೂವರೆ ಮೊಳ ಉದ್ದ, ಒಂದೂವರೆ ಅಗಲ. ಮೇಜು ಎರಡು ಮೊಳ. ಬಲಿಪೀಠ ಐದಕ್ಕೆ ಐದು. ದೀಪಸ್ತಂಭ ತೂಕದಲ್ಲಿ ಒಂದು ತಲಾಂತು. ಅಂಗಳ ನೂರಕ್ಕೆ ಐವತ್ತು. ಕೊಪ್ಪರಿಗೆಗೆ? ಮೂರು ದಿನದಿಂದ ಒಪ್ಪಿಸಿಕೊಳ್ಳುತ್ತಿದ್ದೇನೆ. ಮೊಳವಿಲ್ಲ, ತೂಕವಿಲ್ಲ. ದೇವರ ಕಟ್ಟಳೆ ತಂದ ಮೋಶೆಯ ಬಾಯಿಂದ ಅದಕ್ಕೆ ಅಳತೆಯೇ ಬಂದಿಲ್ಲ. ಹಾಗಾದರೆ ಈ ಏಳು ಗಂಟು ಯಾರದು?

ಹೊಸ ಕೊಪ್ಪರಿಗೆ ಮತ್ತು ಹಗ್ಗ ಎರಡೂ ನನ್ನ ಹತ್ತಿರ ಇವೆ. ಮಲ್ಕೀಯನ ಮುದ್ರೆ ಇನ್ನೂ ಒಡೆದಿಲ್ಲ. ಕೊಪ್ಪರಿಗೆಯನ್ನು ಒಡೆದುಹಾಕಲೇ? ಹೇಳು. ಬೈದಾದರೂ ಹೇಳು.

ಶಿಮ್ರಿ

---

ಶಿಲೋ
ಆರನೆಯ ತಿಂಗಳು, ಇಪ್ಪತ್ತಾರನೆಯ ದಿನ

ಶಿಮ್ರೀ,

ಬೈಯಲು ಚೂರು ಸಾಲದು. ಬೈಗುಳ ಎದುರಿಗೆ ಸಿಕ್ಕಾಗ. ಕೆಲಸದ ಮಾತು ಮೊದಲು.

ಒಡೆಯಬೇಡ. ಕೊಪ್ಪರಿಗೆ ಒಡೆದರೆ ಕಂಚುಗಾರನ ಕೈ ತಪ್ಪಿತು ಎನ್ನುತ್ತಾರೆ, ಇನ್ನೊಬ್ಬನಿಂದ ಎರೆಸುತ್ತಾರೆ. ಬಂಡಿಯಲ್ಲಿ ಹಾಕಿ ಬಟ್ಟೆ ಮುಚ್ಚಿ ತಾ. ಹಗ್ಗವನ್ನೂ ತಾ, ಮುದ್ರೆ ಒಡೆಯದೆ. ಹಿರಿಯರ ಎದುರು ಹಗ್ಗವನ್ನು ಕೊಪ್ಪರಿಗೆಗೆ ಸುತ್ತು. ಗಂಟಿಗೆ ಗಂಟು ಕೂಡಲಿ, ದುರಸ್ತಿ ಎಂದದ್ದು ಸುಳ್ಳೆಂದು ಅವರಿಗೇ ಕಾಣಲಿ. ಆಮೇಲೆ ನನಗೆ ಬರೆದದ್ದನ್ನೇ ಕೇಳು: ದೇವರು ಹೇಳದ ಅಳತೆಯನ್ನು ಮಲ್ಕೀಯನಿಗೆ ಹೇಳಿದವರು ಯಾರು?

ನಿನ್ನ ಪತ್ರವನ್ನು ಶೇರಜ್ಜಿಗೆ ಓದಿ ಹೇಳಿದೆ. ಕಟ್ಟು ಹಾಕಿದ ಕೈಯನ್ನು ಎದೆಗೊತ್ತಿಕೊಂಡು ನಕ್ಕಳು. "ಅಳತೆ ಎಲ್ಲಿಂದ ಬರುತ್ತೆ ತಾಯೀ? ಹೆಂಗಸರು ತರ್ತಾನೇ ಇದ್ರು. ಒಬ್ಬಳದು ಅಂಗೈಯಷ್ಟು, ಇನ್ನೊಬ್ಬಳದು ತಟ್ಟೆಯಷ್ಟು. ಸಾಕು ಅಂತ ಯಾವಳನ್ನೂ ವಾಪಸ್ಸು ಕಳಿಸಲಿಲ್ಲ. ಬಂದಷ್ಟೂ ಹಾಕಿದ್ರು. ಅದೇ ಅದರ ಅಳತೆ." ಇಷ್ಟು ವರ್ಷ ಅದನ್ನು ಉಜ್ಜಿದ ನನಗೆ ಇದು ಹೊಳೆದಿರಲಿಲ್ಲ. ಆ ಅಂಗಳದಲ್ಲಿ ಬಂದವರನ್ನೆಲ್ಲ ಸೇರಿಸಿಕೊಂಡ ವಸ್ತು ಅದೊಂದೇ. ಉಳಿದವಕ್ಕೆಲ್ಲ ಗಡಿಯಿದೆ. ಅದಕ್ಕೇ ಅವರ ಹಗ್ಗ ಮೊದಲು ಅದಕ್ಕೆ ಸುತ್ತಿತು.

ಕೊಪ್ಪರಿಗೆಯ ಬಗ್ಗೆ ಕಟ್ಟಳೆಯಲ್ಲಿ ಇರುವ ಮಾತು ಒಂದೇ: ಬಾಗಿಲಲ್ಲಿ ಸೇವೆಗೆ ನಿಂತ ಹೆಂಗಸರ ಕನ್ನಡಿಗಳಿಂದ. ಹೊಸ ಕೊಪ್ಪರಿಗೆ ಬೇಕೇ? ಆಗಲಿ. ಸುತ್ತಲಿನ ಹನ್ನೊಂದು ಹಳ್ಳಿಗಳಿಗೆ ಹೇಳಿ ಕಳಿಸಿದ್ದೇವೆ. ಕನ್ನಡಿ ಇದ್ದವರು ಕನ್ನಡಿ ತರುತ್ತಾರೆ, ಇಲ್ಲದವರು ಬರಿಗೈಯಲ್ಲಿ ಬರುತ್ತಾರೆ. ಮೊದಲು ನಮ್ಮನ್ನು ಬಾಗಿಲಲ್ಲಿ ನಿಲ್ಲಿಸಿ, ಆಮೇಲೆ ಕರಗಿಸಿ ಎನ್ನುತ್ತೇವೆ.

ನಿನ್ನೆ ಒರತೆಯ ಹತ್ತಿರ ಸಭೆ ಸೇರಿದೆವು. ನಮ್ಮವರಲ್ಲೇ ನಾಲ್ವರು ಗಿಬ್ಯೋನಿನವರ ಪಕ್ಕ ಕೂರುವುದಿಲ್ಲ ಎಂದರು. ಶೇರಜ್ಜಿ ಬೈದು ಕೂರಿಸಿದಳು. ಅನಾನ ಜನರಲ್ಲೂ ಜಗಳವಾಯಿತು. ಒಬ್ಬ ಎದ್ದು, "ಇವರ ಬಾಗಿಲಿಗೆ ನಾವ್ಯಾಕೆ ಬೆನ್ನು ಕೊಡಬೇಕು? ಇವರು ನಮಗೆ ಕೊಟ್ಟಿದ್ದು ಮೂರು ಹೆಜ್ಜೆ ದೂರ" ಎಂದ. ನಾನು ಎದ್ದು ಹೇಳಿದೆ: ಬಾಗಿಲು ನಮಗೆ ಮತ್ತೆ ಸಿಕ್ಕರೆ ಕೊಡ ನೆಲಕ್ಕಿಡುವುದು ಇರುವುದಿಲ್ಲ. ನೀವು ಕೊಪ್ಪರಿಗೆಯವರೆಗೆ ಬರುತ್ತೀರಿ, ನಮ್ಮ ಜೊತೆ ನಿಲ್ಲುತ್ತೀರಿ. ಅನಾ ಕೇಳಿದ, "ಇದನ್ನ ಬರೆದುಕೊಡ್ತೀಯಾ? ಬಾಯಿಮಾತು ನಾವು ಬೇಕಾದಷ್ಟು ಕೇಳಿದೀವಿ." ಬರೆದುಕೊಟ್ಟೆ. ಇಪ್ಪತ್ತೆರಡು ಹೆಸರು. ಆ ನಾಲ್ವರದೂ ಇದೆ, ಕೊನೆಯಲ್ಲಿ.

ತೀರ್ಮಾನ ಇದು. ಕಹಳೆಯ ದಿನ ಗಿಬ್ಯೋನಿನವರು ಎಂದಿನಂತೆ ನೀರು ತರುತ್ತಾರೆ, ಬಾಗಿಲ ಹೊರಗೆ ಇಳಿಸುತ್ತಾರೆ. ಒಂದು ಕೊಡವೂ ಒಳಗೆ ಹೋಗುವುದಿಲ್ಲ. ನಾವು ಬಾಗಿಲಿಗೆ ಅಡ್ಡ ಕೂರುತ್ತೇವೆ. ಕೊಪ್ಪರಿಗೆ ಬತ್ತಿರುತ್ತದೆ. ಕೈ ತೊಳೆಯದೆ ಬಲಿಪೀಠದ ಹತ್ತಿರ ಹೋಗುವ ಧೈರ್ಯ ಯಾವ ಯಾಜಕನಿಗಿದೆಯೋ ನೋಡೋಣ. ಸಾವಿನ ಕಟ್ಟಳೆಯನ್ನು ಅವರು ನಮಗೆ ಓದಿ ಹೇಳಿದರೆ ನಾವೂ ಒಂದನ್ನು ಅವರಿಗೆ ಓದಿ ಹೇಳುತ್ತೇವೆ.

ಮೊದಲ ಸಾಲಿನಲ್ಲಿ ಶೇರಜ್ಜಿಯ ಪಕ್ಕ ನಾನಿರುತ್ತೇನೆ. ಎಡಗಡೆ ಅನಾ. ನಿನಗೆ ಕೊಡುವ ಈಟಿಯ ಮೊನೆ ಎಲ್ಲಿಗೆ ಬರುತ್ತದೆ ಎಂದು ಲೆಕ್ಕ ಹಾಕಿಕೊ. ಇಲ್ಲವಾದರೆ ಹಗ್ಗ ಹಿಡಿದು ಬಾ. ಎರಡನ್ನೂ ಒಟ್ಟಿಗೆ ಹಿಡಿಯಲು ಆಗುವುದಿಲ್ಲ. ಬಾಗಿಲು ನಿನಗೂ ಸಿಗಬೇಕಾದದ್ದೇ, ನಾನು ಅಲ್ಲಗಳೆಯುವುದಿಲ್ಲ. ನನ್ನನ್ನು ಎಬ್ಬಿಸಿದ ಜಾಗದಲ್ಲಿ ಅಲ್ಲ, ನನ್ನ ಪಕ್ಕದಲ್ಲಿ.

ನಾರಾಳನ್ನು ಕರೆದುಕೊಂಡು ಬಾ. ಅವಳ ಹತ್ತಿರ ಕನ್ನಡಿ ಇದ್ದರೆ ತರಲಿ.

ಉತ್ತರ ಬರೆಯಬೇಡ. ಅದು ತಲುಪುವಷ್ಟು ದಿನ ಉಳಿದಿಲ್ಲ.

ಏಳನೆಯ ತಿಂಗಳ ಮೊದಲನೆಯ ದಿನ, ಬೆಳಗಿನ ಬಲಿಯ ಕುರಿಮರಿಯನ್ನು ಕಟ್ಟುವ ಹೊತ್ತು, ಮೊದಲ ಕಹಳೆಗೆ ಮುಂಚೆ, ಪೂರ್ವದ ಬಾಗಿಲು.